ದೇಸಿ ಹತ್ತಿ, ಖಾದಿ ಮತ್ತು ಕೌದಿ: ಹುಬ್ಬಳ್ಳಿ-ಧಾರವಾಡ ಪರಿಸರದಲ್ಲಿ ಪುನರುಜ್ಜೀವನ ಮತ್ತು ನಾವೀನ್ಯದ ಪ್ರಶ್ನೆ

ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ೧೯೫೭ರ ನವೆಂಬರ್ ೧ರಂದು ಸ್ಥಾಪನೆಗೊಂಡಿತು. ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿದ ಒಂಬತ್ತು ಅಳತೆಗಳಲ್ಲಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಕೇಂದ್ರವೆಂದು ಅದು ದೇಶದಲ್ಲೆಲ್ಲ ಹೆಸರಾಗಿದೆ. ಕೈಯಿಂದ ನೂತ ನೂಲು, ಕೈಮಗ್ಗದಲ್ಲಿ ನೇಯ್ದ ಬಟ್ಟೆ, ಅಳತೆ ತಪ್ಪದ ಕತ್ತರಿಕೆ, ಬಣ್ಣ ಮಾಸದ ಅದ್ದಿಕೆ ಇವೆಲ್ಲ ಸೇರಿ ಒಂದು ಧ್ವಜವಾಗುತ್ತದೆ. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರ್ ಬಟ್ಟೆಯ ಧ್ವಜಗಳಿಗೂ ಅವಕಾಶ ದೊರೆಯಿತು. ಮರುವರ್ಷ ಖಾದಿ ಕಾರ್ಯಕರ್ತರು ಹುಬ್ಬಳ್ಳಿಯಲ್ಲಿ ಇದರ ವಿರುದ್ಧ ಪ್ರತಿಭಟಿಸಿದರು.

ಇದೇ ಅವಧಿಯಲ್ಲಿ ಮಹಾನಗರಗಳ ಮಳಿಗೆಗಳಲ್ಲಿ ಕೈನೂಲಿನ ಬಟ್ಟೆ, ದೇಸಿ ಹತ್ತಿಯ ಉಡುಪು, ಹಳೆಯ ಸೀರೆಗಳ ಕೌದಿ ಮುಂತಾದವು ಪರಿಸರಸ್ನೇಹಿಯಾದ ಹೊಸ ಉತ್ಪನ್ನಗಳೆಂದು ಹೆಚ್ಚಿನ ಬೆಲೆಗೆ ಮಾರಾಟವಾಗತೊಡಗಿದವು. ಒಂದು ಕಡೆ ಹಳೆಯದೆಂದು ಬದಿಗೆ ಸರಿದ ವಸ್ತು ಇನ್ನೊಂದು ಕಡೆ ಹೊಸದೆಂದು ಮನ್ನಣೆ ಪಡೆಯಿತು. ಪಾರಂಪರಿಕ ವಸ್ತುಗಳನ್ನು ಸುಸ್ಥಿರ ಉತ್ಪನ್ನಗಳಿಗಾಗಿ ಮತ್ತೆ ಬಳಕೆಗೆ ತರುವುದನ್ನು ನಾವೀನ್ಯವೆಂದು ಪರಿಗಣಿಸಬಹುದೆ ಎಂಬ ಪ್ರಶ್ನೆಯನ್ನು ಹುಬ್ಬಳ್ಳಿ-ಧಾರವಾಡ ಪರಿಸರದ ಹತ್ತಿ ಮತ್ತು ಜವಳಿಯ ಚರಿತ್ರೆಯ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಪರಿಭಾಷೆಯ ಪ್ರಶ್ನೆ

ಆವಿಷ್ಕಾರ ಮತ್ತು ನಾವೀನ್ಯ ಎಂಬ ಎರಡು ಪರಿಕಲ್ಪನೆಗಳನ್ನು ಸಾಮಾನ್ಯ ವ್ಯವಹಾರದಲ್ಲಿ ಒಂದೆಂದೇ ಬಳಸಲಾಗುತ್ತದೆ. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಇವುಗಳನ್ನು ಬೇರ್ಪಡಿಸಿದನು. ಅವನ ಪ್ರಕಾರ ನಾವೀನ್ಯವೆಂದರೆ ಇರುವ ಸಂಗತಿಗಳ ಹೊಸ ಸಂಯೋಜನೆ. ಹೊಸ ಸರಕು, ಹೊಸ ಉತ್ಪಾದನಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ ಮತ್ತು ಹೊಸ ಸಂಘಟನೆ ಎಂದು ಅದರ ಐದು ಬಗೆಗಳನ್ನು ಅವನು ಹೆಸರಿಸಿದನು. ಈ ದೃಷ್ಟಿಯಿಂದ ವಸ್ತುವು ಹಳೆಯದಾಗಿದ್ದರೂ ಅದರ ಸಂಯೋಜನೆ ಹೊಸದಾಗಿರಲು ಸಾಧ್ಯ. ನಾವೀನ್ಯವನ್ನು ಅಳೆಯಲು ಅಂತಾರಾಷ್ಟ್ರೀಯವಾಗಿ ಬಳಸಲಾಗುವ ಆಸ್ಲೊ ಕೈಪಿಡಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂದು ಉತ್ಪನ್ನ ಅಥವಾ ವಿಧಾನ ಅದನ್ನು ಅಳವಡಿಸಿಕೊಂಡ ಉದ್ಯಮಕ್ಕೆ ಹೊಸದಾಗಿದ್ದರೆ ಸಾಕೆನ್ನುತ್ತದೆ.

ಇಲ್ಲಿ ಜಾನಪದ ಅಧ್ಯಯನಕ್ಕೆ ಮಹತ್ವದ್ದಾದ ಒಂದು ತೊಡಕಿದೆ. ಉದ್ಯಮಕ್ಕೆ ಹೊಸದಾದದ್ದು ಊರಿಗೆ ಹೊಸದಾಗಿರಬೇಕಿಲ್ಲ. ಹಳ್ಳಿಯ ಹೆಂಗಸೊಬ್ಬಳು ತನ್ನ ಅತ್ತೆಯಿಂದ ಕಲಿತು ಹೊಲಿಯುವ ಕೌದಿ ಪರಂಪರೆಯೆನಿಸಿದರೆ, ಅದೇ ಕೌದಿಯನ್ನು ಕೊಂಡು ಕೈಚೀಲವಾಗಿ ಮಾರುವ ಸಂಸ್ಥೆಯ ಕೆಲಸ ನಾವೀನ್ಯವೆನಿಸುತ್ತದೆ. ಆದ್ದರಿಂದ ಯಾವುದು ಹೊಸತು ಎಂಬುದಕ್ಕಿಂತ ಯಾರಿಗೆ ಹೊಸತು ಎಂಬ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳಬೇಕಾಗುತ್ತದೆ. ಧಾರವಾಡ ಸೀಮೆಯ ಹತ್ತಿಯ ಚರಿತ್ರೆ ಈ ಪ್ರಶ್ನೆಗೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ.

ಕುಮಟಾ ಹತ್ತಿ ಮತ್ತು ಧಾರವಾಡ-ಅಮೆರಿಕನ್

ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆಯುತ್ತಿದ್ದ ದೇಸಿ ಹತ್ತಿ ಪಶ್ಚಿಮ ಘಟ್ಟವನ್ನಿಳಿದು ಕುಮಟಾ ಬಂದರಿನ ಮೂಲಕ ಮುಂಬಯಿಗೆ ಸಾಗುತ್ತಿತ್ತು. ಹೀಗಾಗಿ ವ್ಯಾಪಾರಿಗಳ ಬಾಯಲ್ಲಿ ಅದು ಕುಮಟಾ ಹತ್ತಿಯಾಯಿತು. ಬೆಳೆದ ನೆಲದ ಹೆಸರಿನ ಬದಲು ಹಡಗು ಹತ್ತಿದ ಬಂದರಿನ ಹೆಸರು ನಿಂತದ್ದು ವಸಾಹತುಕಾಲದ ವ್ಯಾಪಾರದ ದೃಷ್ಟಿಯನ್ನು ಸೂಚಿಸುತ್ತದೆ. ರೈತನ ಬಾಯಲ್ಲಿ ಅದು ಜವಾರಿ ಹತ್ತಿಯಾಗಿಯೇ ಉಳಿಯಿತು.

ಲ್ಯಾಂಕಶೈರಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಅದಕ್ಕಾಗಿ ೧೮೪೦ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಹತ್ತು ಮಂದಿ ಅಮೆರಿಕನ್ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಅವರಲ್ಲಿ ಮರ್ಸರ್ ಎಂಬುವನು ೧೮೪೦ರ ದಶಕದ ಆರಂಭದಲ್ಲಿ ಧಾರವಾಡ ಸೀಮೆಗೆ ಬಂದನು. ಹುಬ್ಬಳ್ಳಿಯ ಸಮೀಪದ ಕುಸುಗಲ್ಲಿನಲ್ಲಿ ಪ್ರಾಯೋಗಿಕ ಕ್ಷೇತ್ರ ನಡೆಯಿತು. ನ್ಯೂ ಆರ್ಲಿಯನ್ಸ್ ಬೀಜವನ್ನು ರೈತರಿಗೆ ಹಂಚಲಾಯಿತು. ದೇಶದ ಬಹುತೇಕ ಕಡೆಗಳಲ್ಲಿ ವಿಫಲವಾದ ಈ ಪ್ರಯತ್ನ ಧಾರವಾಡದಲ್ಲಿ ಬೇರೂರಿತು. ಮಾರುಕಟ್ಟೆಯಲ್ಲಿ ಧಾರವಾಡ-ಅಮೆರಿಕನ್ ಎಂಬ ಪ್ರತ್ಯೇಕ ಹೆಸರನ್ನೇ ಅದು ಪಡೆಯಿತು.

ಈ ಯಶಸ್ಸು ಬೀಜವೊಂದರಿಂದಲೇ ಬಂದದ್ದಲ್ಲ ಎಂಬುದು ಗಮನಾರ್ಹ. ಜವಾರಿ ಹತ್ತಿಯ ಕಾಳಿನಿಂದ ಅರಳೆಯನ್ನು ಬೇರ್ಪಡಿಸಲು ಇಲ್ಲಿಯ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನಿಟ್ಟು ಪಾದಗಳಿಂದ ಉರುಳಿಸುತ್ತಿದ್ದರು. ಅಮೆರಿಕನ್ ಹತ್ತಿಯ ಎಳೆ ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಈ ಸಲಾಕೆ ಅದಕ್ಕೆ ಸಾಲದಾಯಿತು. ಗರಗಸದ ಹಲ್ಲುಗಳ ಜಿನ್ ಯಂತ್ರಗಳು ಬೇಕಾದವು. ಅವುಗಳನ್ನು ಸರ್ಕಾರ ಒದಗಿಸಿತು. ಕೆಟ್ಟವನ್ನು ದುರಸ್ತಿ ಮಾಡಲು ಧಾರವಾಡದಲ್ಲಿ ಕಾರ್ಖಾನೆಯೂ ಏರ್ಪಟ್ಟಿತು. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧ ಹತ್ತಿಯ ಬೆಲೆಯನ್ನು ಏರಿಸಿತು. ಬೆರಕೆಯನ್ನು ತಡೆಯಲು ಮುಂಬಯಿ ಸರ್ಕಾರ ೧೮೬೩ರಲ್ಲಿ ಹತ್ತಿ ವಂಚನೆ ಕಾಯಿದೆಯನ್ನು ತಂದಿತು. ಬೀಜ, ಯಂತ್ರ, ದುರಸ್ತಿ, ಬೆಲೆ, ಕಾಯಿದೆ ಎಂಬ ಐದೂ ಕೂಡಿ ಒಂದು ಸರಪಳಿಯಾದಾಗ ಮಾತ್ರ ಹೊಸ ಹತ್ತಿ ನೆಲೆ ನಿಂತಿತು.

ಮತ್ತೊಂದು ಅಂಶವನ್ನೂ ಇಲ್ಲಿ ಗುರುತಿಸಬೇಕು. ನ್ಯೂ ಆರ್ಲಿಯನ್ಸ್ ಹತ್ತಿ ತನ್ನ ನಾಡಿನಲ್ಲಿ ಹೊಸದೇನಾಗಿರಲಿಲ್ಲ, ಅಲ್ಲಿಯ ರೂಢಿಯ ಬೆಳೆಯಾಗಿತ್ತು. ಅದು ಕುಸುಗಲ್ಲಿನ ಹೊಲಕ್ಕೆ ಬಂದಾಗ ಸುಧಾರಣೆ ಎನಿಸಿಕೊಂಡಿತು. ಒಂದು ನಾಡಿನ ಹಳೆಯ ವಸ್ತು ಇನ್ನೊಂದು ನಾಡಿಗೆ ಬಂದಾಗ ನಾವೀನ್ಯವಾಗುವುದಾದರೆ, ಒಂದು ಕಾಲದ ವಸ್ತು ಅದೇ ನಾಡಿನ ಇನ್ನೊಂದು ಕಾಲಕ್ಕೆ ಮರಳಿದಾಗ ಅದನ್ನು ಕೇವಲ ಪುನರಾವರ್ತನೆಯೆಂದು ತಳ್ಳಿಹಾಕಲು ತಾರ್ಕಿಕ ಆಧಾರ ಉಳಿಯುವುದಿಲ್ಲ. ದೇಶದ ಅಂತರಕ್ಕೆ ಸಲ್ಲುವ ಮನ್ನಣೆ ಕಾಲದ ಅಂತರಕ್ಕೂ ಸಲ್ಲಬೇಕಾಗುತ್ತದೆ. ಆದರೆ ಷರತ್ತೂ ಒಂದೇ ಆಗಿರುತ್ತದೆ. ಎರಡು ಸಂದರ್ಭಗಳಲ್ಲಿಯೂ ವಸ್ತುವಿನ ಸುತ್ತಲಿನ ಸರಪಳಿಯನ್ನು ಹೊಸದಾಗಿ ಕಟ್ಟಬೇಕು.

ಖಾದಿ: ಮರಳಿಕೆಯೆಂಬ ಹೊಸ ರಚನೆ

ಪುನರುಜ್ಜೀವನವು ನಾವೀನ್ಯವಾದ ಅತ್ಯಂತ ದೊಡ್ಡ ನಿದರ್ಶನ ಖಾದಿ. ಸಾಬರಮತಿ ಆಶ್ರಮದ ಆರಂಭದ ವರ್ಷಗಳಲ್ಲಿ ಗಾಂಧೀಜಿಯವರಿಗೆ ಬಳಕೆಯಲ್ಲಿರುವ ಚರಕವೇ ಸುಲಭವಾಗಿ ಸಿಗಲಿಲ್ಲ. ಗಂಗಾಬೆನ್ ಎಂಬ ಮಹಿಳೆ ಬಹುದಿನ ಅಲೆದು ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟ ಸೇರಿದ್ದ ಚರಕಗಳನ್ನು ಪತ್ತೆಹಚ್ಚಿದರು. ನೂಲುವ ಕೈಗಳು ಇದ್ದವು, ಹಂಜಿ ಮಾಡಿಕೊಡುವವರು ಮತ್ತು ನೂಲನ್ನು ಕೊಳ್ಳುವವರು ಇರಲಿಲ್ಲ. ಖಾದಿ ಚಳವಳಿ ಈ ಕೊರತೆಗಳನ್ನು ತುಂಬಿತು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ನೂಲನ್ನು ಸದಸ್ಯತ್ವದ ಚಂದಾ ಆಗಿ ಮಾನ್ಯ ಮಾಡಿತು. ೧೯೨೫ರಲ್ಲಿ ಅಖಿಲ ಭಾರತ ಚರಕಾ ಸಂಘ ಸ್ಥಾಪನೆಯಾಯಿತು. ೧೯೨೯ರಲ್ಲಿ ಉತ್ತಮ ಚರಕದ ವಿನ್ಯಾಸಕ್ಕೆ ಆ ಸಂಘ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಘೋಷಿಸಿತು.

ಹಳೆಯ ಉಪಕರಣವನ್ನು ಹಾಗೆಯೇ ಉಳಿಸುವುದು ಈ ಚಳವಳಿಯ ಗುರಿಯಾಗಿದ್ದರೆ ಇಂತಹ ಬಹುಮಾನದ ಅಗತ್ಯವೇ ಬೀಳುತ್ತಿರಲಿಲ್ಲ. ಮುಂದೆ ತಮಿಳುನಾಡಿನ ಏಕಾಂಬರನಾಥನ್ ಅವರು ರೂಪಿಸಿದ ಅಂಬರ ಚರಕವು ೧೯೫೦ರ ದಶಕದಲ್ಲಿ ದೇಶದಾದ್ಯಂತ ಹರಡಿತು. ಹುಬ್ಬಳ್ಳಿಯಲ್ಲಿ ಸಂಯುಕ್ತ ಸಂಘ ಸ್ಥಾಪನೆಯಾದ ೧೯೫೭ರಲ್ಲಿ ಅಂಬರ ಚರಕ ಇನ್ನೂ ಹೊಸ ಯಂತ್ರವೇ ಆಗಿತ್ತು. ಜನರ ಕಣ್ಣಿಗೆ ಪ್ರಾಚೀನವೆಂದು ತೋರುವ ಖಾದಿ ಅನೇಕ ಗಿರಣಿಗಳಿಗಿಂತ ಕಿರಿಯ ತಂತ್ರವನ್ನು ಬಳಸುತ್ತಿತ್ತು.

ಧ್ವಜದ ಬಟ್ಟೆಯಲ್ಲಿ ಈ ಅಂಶ ಇನ್ನಷ್ಟು ಸ್ಪಷ್ಟವಾಗುತ್ತದೆ. ಧಾರವಾಡ ತಾಲೂಕಿನ ಗರಗ ಹಾಗೂ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಧ್ವಜದ ಖಾದಿ ನೇಯುವ ಕೇಂದ್ರಗಳೆಂದು ಪ್ರಸಿದ್ಧವಾಗಿವೆ. ಊರಿನ ನೇಕಾರ ಪಂಚೆ, ರುಮಾಲು ನೇಯುವಾಗ ಎಳೆಗಳ ಸಣ್ಣಪುಟ್ಟ ಏರುಪೇರು ದೋಷವೆನಿಸುವುದಿಲ್ಲ. ಧ್ವಜದ ಬಟ್ಟೆಗಾದರೋ ಎಳೆಗಳ ಸಂಖ್ಯೆ, ತೂಕ, ಬಲ, ಬಣ್ಣದ ಛಾಯೆ ಎಲ್ಲಕ್ಕೂ ಮಾನಕವಿದೆ. ಕೈನೂಲನ್ನು ಪ್ರಯೋಗಾಲಯದ ಪರೀಕ್ಷೆಗೆ ಒಗ್ಗಿಸುವುದು ಪರಂಪರೆಯಲ್ಲಿ ಇಲ್ಲದಿದ್ದ ಕೌಶಲ. ಅದನ್ನು ಸಾಧಿಸಿದವರು ಚರಕ ಮತ್ತು ಮಗ್ಗಗಳ ಮುಂದೆ ಕುಳಿತ, ಹೆಚ್ಚಿನ ಸಂಖ್ಯೆಯಲ್ಲಿ ಮಹಿಳೆಯರಾದ ಕೆಲಸಗಾರರು. ಈ ಸಾಧನೆಯನ್ನು ನಾವೀನ್ಯವೆಂದು ಯಾರೂ ದಾಖಲಿಸಿಲ್ಲ. ಅದು ದೇಶಸೇವೆ ಎನಿಸಿತು, ಇಲ್ಲವೆ ಗ್ರಾಮೀಣ ಉದ್ಯೋಗವೆನಿಸಿತು.

ಜಯಧರದಿಂದ ಕಂದು ಹತ್ತಿಯವರೆಗೆ

ಕುಮಟಾ ಹತ್ತಿಯ ಪರಂಪರೆ ಇಪ್ಪತ್ತನೆಯ ಶತಮಾನದಲ್ಲಿ ಧಾರವಾಡದ ಕೃಷಿ ಸಂಶೋಧನೆಯ ಮೂಲಕ ಮುಂದುವರಿಯಿತು. ಸ್ಥಳೀಯ ಹತ್ತಿಯಿಂದಲೇ ಆಯ್ದು ಬೆಳೆಸಿದ ಜಯವಂತ, ಜಯಧರ ಮೊದಲಾದ ತಳಿಗಳು ಪ್ರಸಿದ್ಧವಾದವು. ಜಯಧರ ಮಳೆಯಾಶ್ರಿತ ಎರೆಭೂಮಿಯ ಹತ್ತಿ. ಬರವನ್ನೂ ರಸ ಹೀರುವ ಕೀಟಗಳನ್ನೂ ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಹುಬ್ಬಳ್ಳಿ, ಕುಂದಗೋಳ, ನವಲಗುಂದ ಭಾಗದ ರೈತರು ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿಯೊಂದಿಗೆ ಹತ್ತಿಯನ್ನು ಬೆಳೆಯುವ ಮಿಶ್ರಪದ್ಧತಿಯನ್ನು ರೂಢಿಸಿಕೊಂಡರು. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಅರಳೆ ಮಾರಾಟಕ್ಕೆ, ಹತ್ತಿಕಾಳು ಎಮ್ಮೆಗೆ, ಹತ್ತಿಕಟ್ಟಿಗೆ ಒಲೆಗೆ ಎಂಬಂತೆ ಗಿಡದ ಯಾವ ಭಾಗವೂ ವ್ಯರ್ಥವಾಗುತ್ತಿರಲಿಲ್ಲ. ಅರಳೆಯನ್ನು ಬಿಲ್ಲಿನಿಂದ ಹಿಂಜಿ ಗಾದಿ ತುಂಬುವ ಪಿಂಜಾರರ ವೃತ್ತಿಯೂ ಇದೇ ಸರಪಳಿಗೆ ಸೇರಿತ್ತು.

೧೯೭೨ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಅಂತರ್‌ಪ್ರಭೇದ ಸಂಕರ ತಳಿಯನ್ನು ಅಭಿವೃದ್ಧಿಪಡಿಸಿದರು. ೧೯೮೧ರಲ್ಲಿ ಜಯಲಕ್ಷ್ಮಿ ಎಂದು ಕರೆಯಲಾದ ಡಿಸಿಎಚ್-೩೨ ಬಂದಿತು. ಉದ್ದ ಎಳೆಯ ಈ ಹತ್ತಿಗಳು ರೈತನಿಗೆ ಹೆಚ್ಚಿನ ಬೆಲೆ ತಂದುಕೊಟ್ಟವು. ಇದು ಧಾರವಾಡದ ಹೆಮ್ಮೆಯ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ. ೨೦೦೨ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ದೊರೆತ ಮೇಲೆ ಕೆಲವೇ ವರ್ಷಗಳಲ್ಲಿ ಹತ್ತಿಯ ಕ್ಷೇತ್ರದ ಬಹುಭಾಗವನ್ನು ಬಿಟಿ ಸಂಕರಗಳು ಆವರಿಸಿದವು. ಬೀಜವನ್ನು ಪ್ರತಿ ವರ್ಷ ಕೊಳ್ಳುವುದು ಅನಿವಾರ್ಯವಾಯಿತು. ಮುಂದಿನ ದಶಕದಲ್ಲಿ ಗುಲಾಬಿ ಕಾಯಿಕೊರಕ ಈ ತಂತ್ರಜ್ಞಾನಕ್ಕೂ ನಿರೋಧಶಕ್ತಿಯನ್ನು ಬೆಳೆಸಿಕೊಂಡಿತು. ಈ ಹಿನ್ನೆಲೆಯಲ್ಲಿ ದೇಸಿ ಹತ್ತಿಯ ಕಡೆಗೆ ಮತ್ತೆ ಗಮನ ಹರಿಯಿತು.

ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನಡೆದ ಬಣ್ಣದ ಹತ್ತಿಯ ಸಂಶೋಧನೆ ಇಲ್ಲಿ ವಿಶೇಷವಾಗಿ ಉಲ್ಲೇಖನೀಯ. ಸಹಜವಾಗಿ ಕಂದು ಬಣ್ಣದ ಎಳೆಯುಳ್ಳ ಹತ್ತಿ ಭಾರತಕ್ಕೆ ಹೊಸದಲ್ಲ. ಆಂಧ್ರದ ಕೊಕನಾಡ ಹತ್ತಿ ಅಂತಹದೇ. ಬಿಳಿ ಹತ್ತಿಯನ್ನು ಮಾತ್ರ ಬಯಸುವ ಗಿರಣಿಗೆ ಕಂದು ಎಳೆ ಕಲಬೆರಕೆಯಾಗಿ ಕಂಡದ್ದರಿಂದ ಅದು ಹಿಂದೆ ಸರಿಯಿತು. ಬಣ್ಣ ಹಾಕುವ ಕ್ರಿಯೆಯಲ್ಲಿ ವ್ಯಯವಾಗುವ ನೀರು ಮತ್ತು ಹೊರಬೀಳುವ ರಾಸಾಯನಿಕಗಳು ಚರ್ಚೆಗೆ ಬಂದ ಕಾಲದಲ್ಲಿ ಅದೇ ದೋಷ ಗುಣವಾಯಿತು. ವಿಶ್ವವಿದ್ಯಾಲಯವು ಕಂದು ಎಳೆಯ ತಳಿಗಳನ್ನು ಸುಧಾರಿಸಿತು. ಬಿಳಿ ಹತ್ತಿಯೊಂದಿಗೆ ಬೆರಕೆಯಾಗದಂತೆ ಹೊಲಗಳ ನಡುವೆ ಅಂತರ, ಪ್ರತ್ಯೇಕ ಬಿಡಿಸುವಿಕೆ, ಪ್ರತ್ಯೇಕ ಜಿನ್ನಿಂಗ್ ಇವು ಈ ಹತ್ತಿಗೆ ಅನಿವಾರ್ಯ. ದೊಡ್ಡ ಗಿರಣಿಗೆ ಇದು ತೊಂದರೆ. ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವ ಖಾದಿ ಮತ್ತು ಕೈಮಗ್ಗಗಳಿಗೆ ಇದೇ ಅನುಕೂಲ.

ಗುಜರಾತದ ಕಚ್ಛದಲ್ಲಿ ಜಯಧರದ ಪ್ರಭೇದಕ್ಕೇ ಸೇರಿದ ಕಾಲಾ ಹತ್ತಿಯ ಉದಾಹರಣೆ ತುಲನೆಗೆ ಯೋಗ್ಯವಾಗಿದೆ. ಅಲ್ಲಿ ಖಮೀರ್ ಮತ್ತು ಸಾತ್ವಿಕ್ ಸಂಸ್ಥೆಗಳು ರೈತ, ಜಿನ್ನಿಂಗ್, ನೂಲು, ನೇಕಾರ, ಕೊಳ್ಳುವವ ಎಂಬ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಜೋಡಿಸಿದವು. ಗಿಡ್ಡ ಎಳೆಯ ಒರಟು ನೂಲಿಗೆ ನೇಕಾರರು ಮಗ್ಗವನ್ನೂ ಗಂಜಿಯನ್ನೂ ಹೊಂದಿಸಿಕೊಳ್ಳಬೇಕಾಯಿತು. ೧೮೪೦ರ ದಶಕದಲ್ಲಿ ಅಮೆರಿಕನ್ ಬೀಜಕ್ಕಾಗಿ ಧಾರವಾಡದಲ್ಲಿ ಸರ್ಕಾರ ಮಾಡಿದ್ದನ್ನು ಕಚ್ಛದಲ್ಲಿ ದೇಸಿ ಬೀಜಕ್ಕಾಗಿ ಸಂಸ್ಥೆಗಳು ಮಾಡಿದವು. ಮೊದಲನೆಯದು ನಾವೀನ್ಯವಾದರೆ ಎರಡನೆಯದೂ ನಾವೀನ್ಯವೇ. ಧಾರವಾಡದ ಜಯಧರಕ್ಕೆ ಬೀಜವಿದೆ, ತಜ್ಞರಿದ್ದಾರೆ, ಖಾದಿ ಸಂಘಗಳಿವೆ. ಇವುಗಳನ್ನು ಕೂಡಿಸುವ ಕೊಂಡಿ ಮಾತ್ರ ಅಷ್ಟು ದೃಢವಾಗಿಲ್ಲ.

ಕೌದಿ ಮತ್ತು ಜಮಖಾನ: ಜ್ಞಾನ ಯಾರದು

ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆ, ಧೋತರ, ಕುಪ್ಪಸಗಳ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿ ಪರಿಚಿತ ವಸ್ತು. ಹುಟ್ಟಿದ ಕೂಸಿಗೆ ಹೊಸ ಬಟ್ಟೆಗಿಂತ ಹಳೆಯ ಬಟ್ಟೆಯ ಮೆತ್ತನೆಯ ಕೌದಿ ಹಿತವೆಂಬುದು ತಾಯಂದಿರ ಅನುಭವ. ಅಜ್ಜಿಯ ಸೀರೆ ಮೊಮ್ಮಗುವಿನ ಹಾಸಿಗೆಯಾಗುವುದರಲ್ಲಿ ಮಿತವ್ಯಯವೂ ಇದೆ, ಕುಟುಂಬದ ನೆನಪೂ ಇದೆ. ಉತ್ತರ ಕನ್ನಡ ಮತ್ತು ಅದಕ್ಕೆ ಹೊಂದಿದ ಧಾರವಾಡ ಜಿಲ್ಲೆಯ ಅಂಚಿನಲ್ಲಿ ವಾಸಿಸುವ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯ ಮೂಲೆಗಳಿಗೆ ಫುಲ ಎಂಬ ಮಡಿಕೆಯ ಹೂವನ್ನು ಇಟ್ಟೇ ಕೆಲಸವನ್ನು ಮುಗಿಸುತ್ತಾರೆ. ಫುಲವಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ.

ಜಾನಪದ ವಿದ್ವಾಂಸರು ಬಹುಹಿಂದೆಯೇ ತೋರಿಸಿದಂತೆ ಪರಂಪರೆಯೆಂದರೆ ನಕಲು ಅಲ್ಲ. ಒಂದೇ ಕಥೆಯನ್ನು ಇಬ್ಬರು ಕಥನಕಾರರು ಒಂದೇ ರೀತಿಯಲ್ಲಿ ಹೇಳುವುದಿಲ್ಲ. ಅದರಂತೆಯೇ ಒಂದು ಕೌದಿ ಇನ್ನೊಂದರಂತೆ ಇರುವುದಿಲ್ಲ. ಲಭ್ಯವಿರುವ ತುಂಡುಗಳೇ ವಿನ್ಯಾಸವನ್ನು ನಿರ್ಧರಿಸುತ್ತವೆ. ಹತ್ತಿಯ ಸೀರೆಗಳ ಜಾಗಕ್ಕೆ ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬಂದಾಗ ಕೌದಿ ಹೊಲಿಯುವವರು ಅವುಗಳನ್ನು ಮೇಲುಪದರಕ್ಕೆ ಬಳಸಿ, ಮೈಗೆ ತಾಗುವ ಕಡೆಗೆ ಹತ್ತಿ ಬಟ್ಟೆಯನ್ನೇ ಆರಿಸಿಕೊಂಡರೆ ಅದು ವಸ್ತುವಿನ ಗುಣವನ್ನರಿತು ಮಾಡಿದ ನಿರ್ಧಾರವೇ. ಪುನರುಜ್ಜೀವನ ಎಂಬ ಪದವೇ ವಸ್ತು ಸತ್ತಿತ್ತೆಂದು ಊಹಿಸುತ್ತದೆ. ಕೌದಿ ಎಂದೂ ಸತ್ತಿರಲಿಲ್ಲ. ಮಾರುಕಟ್ಟೆಯ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ.

ನವಲಗುಂದದ ಜಮಖಾನದ ಸ್ಥಿತಿ ಇದಕ್ಕಿಂತ ಭಿನ್ನ. ಇದನ್ನು ನೇಯುವವರು ಮುಸ್ಲಿಂ ಮಹಿಳೆಯರು. ಈ ಕಲೆ ಊರನ್ನು ಬಿಟ್ಟು ಹೋಗದಿರಲೆಂದು ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುವ ರೂಢಿಯಿತ್ತೆಂದು ಹೇಳಲಾಗುತ್ತದೆ. ಹಕ್ಕುಸ್ವಾಮ್ಯದ ಕಾಯಿದೆ ಇಲ್ಲದ ಕಾಲದಲ್ಲಿ ಸಮುದಾಯವೊಂದು ತನ್ನ ಜ್ಞಾನಕ್ಕೆ ಹಾಕಿಕೊಂಡ ಬೇಲಿಯದು. ನವಲಗುಂದದ ಜಮಖಾನಕ್ಕೂ ಧಾರವಾಡ ಸೀಮೆಯ ಕಸೂತಿಗೂ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹೆಸರಿಗೆ ರಕ್ಷಣೆ ದೊರೆತಿದೆಯಾದರೂ, ನೇಯುವ ಕೈಗಳಿಗೆ ದಿನದ ಕೂಲಿ ಎಷ್ಟು ಸಿಗುತ್ತದೆ ಎಂಬುದನ್ನು ಈ ಮಾನ್ಯತೆ ನಿರ್ಧರಿಸುವುದಿಲ್ಲ.

ಕಾಯಿದೆಯ ನಿಲುವನ್ನು ಇಲ್ಲಿ ಗಮನಿಸುವುದು ಅಗತ್ಯ. ೧೯೭೦ರ ಭಾರತೀಯ ಪೇಟೆಂಟ್ ಕಾಯಿದೆಗೆ ೨೦೦೨ರಲ್ಲಿ ತಂದ ತಿದ್ದುಪಡಿಯು ಪಾರಂಪರಿಕ ಜ್ಞಾನವನ್ನಾಗಲಿ, ಪರಂಪರೆಯಿಂದ ತಿಳಿದ ಗುಣಗಳ ಕೇವಲ ಕೂಡುವಿಕೆಯನ್ನಾಗಲಿ ಆವಿಷ್ಕಾರವೆಂದು ಪರಿಗಣಿಸದು. ಅಮೆರಿಕದಲ್ಲಿ ಅರಿಸಿನದ ಗಾಯ ಮಾಯಿಸುವ ಗುಣಕ್ಕೆ ೧೯೯೫ರಲ್ಲಿ ನೀಡಲಾದ ಪೇಟೆಂಟನ್ನು ಭಾರತದ ಆಕ್ಷೇಪಣೆಯ ಮೇರೆಗೆ ೧೯೯೭ರಲ್ಲಿ ರದ್ದುಪಡಿಸಿದ ಪ್ರಸಂಗ ಇಂತಹ ಎಚ್ಚರಕ್ಕೆ ಹಿನ್ನೆಲೆಯಾಗಿದೆ. ಈ ನಿಯಮ ಪರಂಪರೆಯ ಜ್ಞಾನವನ್ನು ಖಾಸಗಿ ಸ್ವತ್ತಾಗದಂತೆ ಕಾಯುತ್ತದೆ. ಆದರೆ ಪರಂಪರೆಯೊಳಗಿನವರು ಮಾಡುವ ಹೊಸತನವೂ ಪರಂಪರೆಯ ಹೆಸರಿನಲ್ಲಿಯೇ ಕರಗಿಹೋಗುವ ಅಪಾಯವೂ ಇದರಲ್ಲಿದೆ. ೨೦೦೦ದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನವು ತಳಮಟ್ಟದ ನಾವೀನ್ಯವನ್ನೂ ಪಾರಂಪರಿಕ ಜ್ಞಾನವನ್ನೂ ಒಟ್ಟಿಗೆ ಗೌರವಿಸುತ್ತದೆಯಾದರೂ ಅವುಗಳನ್ನು ಎರಡು ಬೇರೆ ಸಾಲುಗಳಲ್ಲಿಯೇ ನಿಲ್ಲಿಸುತ್ತದೆ. ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ೨೦೦೧ರ ಕಾಯಿದೆ ಮಾತ್ರ ತಳಿಯನ್ನು ಉಳಿಸಿಕೊಂಡು ಬಂದ ರೈತನಿಗೂ ಹಕ್ಕು ಮತ್ತು ಪ್ರತಿಫಲ ಸಲ್ಲಬೇಕೆಂದು ಒಪ್ಪಿಕೊಂಡಿದೆ. ಹತ್ತಿಯ ಬೀಜಕ್ಕೆ ಅನ್ವಯವಾಗುವ ಈ ತತ್ವ ಹತ್ತಿಯ ಬಟ್ಟೆಗೂ ಅನ್ವಯವಾಗದಿರಲು ಕಾರಣವಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಹಳೆಯ ವಸ್ತುವಿಗೆ ಹೊಸ ಹೆಸರನ್ನೂ ಹೊಸ ಹೊದಿಕೆಯನ್ನೂ ಕೊಟ್ಟು ಮಾರುವುದು ನಾವೀನ್ಯವಲ್ಲ, ವ್ಯಾಪಾರ ಮಾತ್ರ. ಕಡಿದುಹೋದ ಸರಪಳಿಯನ್ನು ಇಂದಿನ ಅಗತ್ಯಕ್ಕೆ ತಕ್ಕಂತೆ ಮತ್ತೆ ಕಟ್ಟುವುದು ನಾವೀನ್ಯ. ಕಂದು ಹತ್ತಿಯ ತಳಿ ಸುಧಾರಣೆ, ಮಾನಕಕ್ಕೆ ಒಗ್ಗಿಸಿದ ಕೈನೂಲು, ಅಂಬರ ಚರಕ ಇವು ಈ ವರ್ಗಕ್ಕೆ ಸೇರುತ್ತವೆ. ಎರಡನೆಯದಾಗಿ, ನಾವೀನ್ಯದ ಮನ್ನಣೆ ಸಂಸ್ಥೆಗೆ ಸಲ್ಲಿ, ಕೈಕೆಲಸದವರಿಗೆ ಪರಂಪರೆಯ ವಾರಸುದಾರರೆಂಬ ಬಿರುದು ಮಾತ್ರ ಉಳಿಯುವುದಾದರೆ ಆ ಪುನರುಜ್ಜೀವನ ಬಹುಕಾಲ ಬಾಳದು. ಬಿರುದಿನಿಂದ ಹೊಟ್ಟೆ ತುಂಬುವುದಿಲ್ಲವಾದ್ದರಿಂದ ಮುಂದಿನ ತಲೆಮಾರು ಆ ಕೆಲಸವನ್ನು ಬಿಡುತ್ತದೆ. ವಿನ್ಯಾಸ, ಬೆಲೆ, ಲಾಭ ಈ ಮೂರರ ನಿರ್ಧಾರದಲ್ಲಿಯೂ ಅವರಿಗೆ ಪಾಲಿರಬೇಕು. ಮೂರನೆಯದಾಗಿ, ಸುಸ್ಥಿರವೆಂಬ ವಿಶೇಷಣ ವಸ್ತು ಹುಟ್ಟುವ ರೀತಿಗೆ ಮಾತ್ರವಲ್ಲದೆ ಅದು ಕೊನೆಗಾಣುವ ರೀತಿಗೂ ಸಲ್ಲಬೇಕು.

ಈ ಕೊನೆಯ ಅಂಶಕ್ಕೆ ಬೆಂಗೇರಿಯ ಧ್ವಜವೇ ನಿದರ್ಶನ. ಹರಿದ ಅಥವಾ ಮಾಸಿದ ರಾಷ್ಟ್ರಧ್ವಜವನ್ನು ಖಾಸಗಿಯಾಗಿ, ಗೌರವಕ್ಕೆ ಚ್ಯುತಿ ಬಾರದಂತೆ, ಸುಡುವ ಮೂಲಕ ಇಲ್ಲವೆ ಬೇರೆ ಯೋಗ್ಯ ರೀತಿಯಲ್ಲಿ ವಿಸರ್ಜಿಸಬೇಕೆಂದು ಧ್ವಜಸಂಹಿತೆ ಹೇಳುತ್ತದೆ. ಹತ್ತಿಯ ಬಟ್ಟೆ ಉರಿದು ಬೂದಿಯಾಗಿ ಮಣ್ಣಿಗೆ ಸೇರುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಉಂಡೆಯಾಗಿ ಉಳಿಯುತ್ತದೆ. ಅಗ್ಗವಾಗಿ, ಬೇಗನೆ, ಅಪಾರ ಸಂಖ್ಯೆಯಲ್ಲಿ ತಯಾರಾಗುವುದೇ ಹೊಸತನದ ಲಕ್ಷಣವೆಂದು ಒಪ್ಪಿದರೆ ಪಾಲಿಯೆಸ್ಟರ್ ಧ್ವಜ ಹೊಸದು, ಖಾದಿ ಹಳೆಯದು. ವಸ್ತುವೊಂದರ ಪೂರ್ತಿ ಆಯುಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಈ ಸ್ಥಾನಗಳು ಅದಲುಬದಲಾಗುತ್ತವೆ. ೧೮೪೦ರ ದಶಕದಲ್ಲಿ ಕುಸುಗಲ್ಲಿನ ಹೊಲದಲ್ಲಿ ಯಾವುದು ಸುಧಾರಣೆ ಎಂಬುದನ್ನು ದೂರದ ಗಿರಣಿಗಳು ನಿರ್ಧರಿಸಿದ್ದವು. ಆ ನಿರ್ಧಾರದಲ್ಲಿ ಬೆಳೆದ ರೈತನಿಗಾಗಲಿ, ಪಾದದಿಂದ ಸಲಾಕೆ ಉರುಳಿಸಿದ ಹೆಂಗಸಿಗಾಗಲಿ ಮಾತಿರಲಿಲ್ಲ. ದೇಸಿ ವಸ್ತುಗಳ ಇಂದಿನ ಪುನರುಜ್ಜೀವನ ನಿಜವಾಗಿಯೂ ಹೊಸದಾಗಬೇಕಾದರೆ ಮೊದಲು ಬದಲಾಗಬೇಕಾದದ್ದು ಈ ಸ್ಥಿತಿ.